ಸೆಕೆಂಡ್ ಹ್ಯಾಂಡ್ ಜಾಝ್ ಬೇಸ್ ರಿವ್ಯೂ: 74ರ ಅಮೆರಿಕದ್ದು ಅಂದ್ರು, ಬೆನ್ನಲ್ಲಿ ‘ಪಾನ್’ ಅಂತ ಬರ್ದಿತ್ತು

ಮೊದ್ಲೇ ಹೇಳ್ಬಿಡ್ತೀನಿ, ಕೊನೇವರ್ಗೂ ಕಾಯಿಸಲ್ಲ. ಹಳೇ ಬೇಸ್ ಗಿಟಾರ್ (ದಪ್ಪ ತಂತೀದು, ಹಾಡಿಗೆ ಕೆಳಗಿನ ಸ್ವರ ಕೊಡೋದು) ತಗೊಂಡೆ. ಮೂರು ತಿಂಗಳಾಯ್ತು, ಇದ್ರಲ್ಲೇ ನಾಲ್ಕು ರಸಮಂಜರಿ ಪ್ರೋಗ್ರಾಂ ಮುಗಿಸಿದೀನಿ, ಕೈಗೆ ಹಿಡಿಸಿದೆ, ಕಿವಿಗೂ ಹಿಡಿಸಿದೆ. ಆದ್ರೆ ಮಾರೋರು ಹೇಳಿದ ಬೆಲೆಗೆ ತಗೊಂಡಿಲ್ಲ, ಯಾಕಂದ್ರೆ ಅವ್ರು ಹೇಳಿದ ಬೇಸೇ ಇದಲ್ಲ. ಅದು ಹೆಂಗೆ ಗೊತ್ತಾಯ್ತು ಅನ್ನೋದೇ ಈ ರಿವ್ಯೂದಲ್ಲಿ ಜಾಸ್ತಿ ಇರೋದು, ಸೌಂಡ್ ಹೆಂಗಿದೆ ಅಂತ ಮಾತ್ರ ಬೇಕು ಅನ್ನೋರು ಕೆಳಗಡೆ ಹೋಗಿ ಓದ್ಕೊಳಿ.

ಹಳೇ ಸಾಮಾನು ಮಾರೋ ಒಂದು ಆಪಲ್ಲಿ ನೋಡಿದ್ದು. ಫೆಂಡರ್ (ಅಮೆರಿಕದ ಗಿಟಾರ್ ಕಂಪನಿ) ಅವ್ರ ಜಾಝ್ ಬೇಸ್ ಅನ್ನೋ ಮಾಡೆಲ್ಲು, 1974, ಮೇಡ್ ಇನ್ ಅಮೆರಿಕ, ಎಲ್ಲಾ ಒರಿಜಿನಲ್, ನುಡಿಸಿ ನುಡಿಸಿ ಸವೆದಿರೋದು, 3.20 ಲಕ್ಷ, ಚೌಕಾಸಿ ಇಲ್ಲ. ಫೋಟೋ ನೋಡಿ ಎದೆ ಧಸಕ್ ಅಂತು. ಸನ್‌ಬರ್ಸ್ಟ್ ಬಣ್ಣ, ಬೀಟೆ ಫಿಂಗರ್‌ಬೋರ್ಡು (ಎಡಗೈ ಬೆರಳು ತಂತಿ ಒತ್ತೋ ಪಟ್ಟಿ), ಅದ್ರ ಮೇಲೆ ಮುತ್ತಿನ ಬಣ್ಣದ ಚೌಕ ಬಿಲ್ಲೆಗಳು, ಅಂಚಿಗೆ ಕೆನೆ ಬಣ್ಣದ ಬೈಂಡಿಂಗು, ಬಲಗೈ ಮುಂದೋಳು ಕೂರೋ ಜಾಗದಲ್ಲಿ ಬಣ್ಣ ಪೂರ್ತಿ ಹೋಗಿ ಅಂಗೈಯಗಲ ಮರ ಕಾಣ್ತಿದೆ. ಯಾವನೋ ಮೂವತ್ತು ವರ್ಷ ಇದನ್ನ ಅಪ್ಪಿಕೊಂಡು ನುಡಿಸಿದಾನೆ ಕಣೋ ಅಂತ ನಮ್ಮ ಡ್ರಮ್ಮರ್‌ಗೆ ಫೋಟೋ ಕಳಿಸ್ದೆ. ಅವ್ನು ಒಂದೇ ಮಾತು ವಾಪಸ್ ಹಾಕ್ದ, "ಮನೇಲಿ ಹೇಳಿದೀಯಾ?"

ನಾನು ಆಫೀಸ್ ಕೆಲ್ಸದವ್ನು, ಶನಿವಾರ ಭಾನುವಾರ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸ್ತೀನಿ, ಗಣೇಶ, ರಾಜ್ಯೋತ್ಸವ, ಅಣ್ಣಮ್ಮ, ಮದುವೆ ರಿಸೆಪ್ಶನ್, ಕರೆದ ಕಡೆ ಹೋಗೋದು. ಶಂಕರ್‌ನಾಗ್ ಕಾಲದ ಇಳಯರಾಜ ಹಾಡುಗಳಲ್ಲಿ ಬೇಸ್ ಏನ್ ಮಾಡುತ್ತೆ ಅಂತ ಕಿವಿಗೊಟ್ಟು ಕೇಳಿರೋರಿಗೆ ನನ್ನ ಹುಚ್ಚು ಅರ್ಥ ಆಗುತ್ತೆ, ಉಳಿದೋರಿಗೆ ಅದು ‘ಡುಮ್ ಡುಮ್ ಅನ್ನೋ ಗಿಟಾರು’.

ಜಾಝ್ ಬೇಸೇ ಯಾಕೆ ಅಂದ್ರೆ ನನ್ ಕೈ ಚಿಕ್ಕದು. ಫೆಂಡರ್‌ನವ್ರು ಮೊದ್ಲು 1951ರಲ್ಲಿ ತಂದಿದ್ದು ಪ್ರಿಸಿಷನ್ ಬೇಸ್, ಆಮೇಲೆ 1960ರಲ್ಲಿ ಜಾಝ್ ಬೇಸ್. ಇದ್ರ ನೆಕ್ಕು, ಅಂದ್ರೆ ಎಡಗೈ ಹಿಡಿಯೋ ಉದ್ದನೆ ಭಾಗ, ನಟ್ (ತಂತಿ ಕೂರೋ ಮೇಲ್ತುದಿ) ಹತ್ರ ಒಂದೂವರೆ ಇಂಚು ಅಗಲ, ಅಂದ್ರೆ 38 ಮಿಲಿಮೀಟರು. ಹಳೇ ಪ್ರಿಸಿಷನ್ ಬೇಸು 44ರ ಹತ್ರ ಇರುತ್ತೆ, ನಂಗೆ ಅದು ಬ್ಯಾಟ್ ಹಿಡಿದಂಗೆ. 1965ರಲ್ಲಿ ಲಿಯೋ ಫೆಂಡರ್ ಕಂಪನೀನ ಸಿಬಿಎಸ್ ಅನ್ನೋ ಅಮೆರಿಕದ ರೇಡಿಯೋ-ಟಿವಿ ಕಂಪನಿಗೆ ಮಾರ್ಬಿಟ್ರು, ಅದಕ್ಕಿಂತ ಹಿಂದಿನ ಮಾಲು ಅಂದ್ರೆ ನಮ್ಮಂಥೋರು ಮುಟ್ಟೋ ಹಂಗಿಲ್ಲ. 70ರ ದಶಕದ್ದು ಒಂದ್ ಕಾಲಕ್ಕೆ ಯಾರೂ ಮೂಸ್ತಿರ್ಲಿಲ್ಲ, ಈಗ ಅದೂ ಹತ್ತಿಬಿಟ್ಟಿದೆ.

ಸರಿ, ಮಾರೋರ ಮನೆ ಕುಕ್ ಟೌನ್ ಕಡೆ. ಎಪ್ಪತ್ತು ದಾಟಿದ ಹಿರಿಯರು, ಹಳೇ ಕಾಲದ ಹೆಂಚಿನ ಮನೆ, ಬಹಳ ಮರ್ಯಾದಸ್ಥರು, ಹೋದ ತಕ್ಷಣ ಟೀ ಬಂತು ಬಿಸ್ಕೆಟ್ ಬಂತು. 2011ರಲ್ಲಿ ಯಾರೋ ಒಬ್ಬ ಮ್ಯುಸಿಶಿಯನ್ ಹತ್ರ ತಗೊಂಡಿದ್ರಂತೆ, ಅವ್ನೂ ಇದನ್ನೇ ಹೇಳಿ ಮಾರಿದ್ದು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಇವ್ರು ಮೋಸ ಮಾಡೋಕೆ ಕೂತೋರಲ್ಲ, ಇವ್ರೇ ಮೋಸ ಹೋಗಿರೋರು. "ನೋಡಿ ತಮ್ಮಾ, ಎಷ್ಟೊತ್ತು ಬೇಕಾದ್ರೂ ನುಡಿಸಿ, ಆದ್ರೆ ಸ್ಕ್ರೂ ಮಾತ್ರ ಮುಟ್ಟೋ ಹಂಗಿಲ್ಲ" ಅಂದ್ರು. ಹಂಗಾಗಿ ಮೊದಲನೇ ದಿನ ಎಲ್ಲಾ ಹೊರಗಿಂದಲೇ.

ಹೊರಗಿಂದ ನೋಡೋದ್ರಲ್ಲೇ ಅರ್ಧ ಕೆಲಸ ಆಗುತ್ತೆ ಅನ್ನೋದು ನಂಗೆ ಅವತ್ತು ಗೊತ್ತಾಯ್ತು.

ಹಳೇ ಮನೆ ಹೊಸ್ತಿಲು ನೋಡಿದೀರಲ್ಲ, ಮಧ್ಯದಲ್ಲಿ ತಗ್ಗಾಗಿರುತ್ತೆ, ಎರಡೂ ತುದೀಲಿ ಅರಿಶಿನ ಕುಂಕುಮ ಹಚ್ಚೋ ಜಾಗ ಹಂಗೇ ಇರುತ್ತೆ. ಕಾಲು ಎಲ್ಲಿ ಬೀಳುತ್ತೋ ಅಲ್ಲೇ ಸವೆಯೋದು. ಗಿಟಾರೂ ಅಷ್ಟೇ, ಕೈ ಎಲ್ಲಿ ಕೂರುತ್ತೋ ಅಲ್ಲಿ. ಈ ಬೇಸಲ್ಲಿ ಮುಂದೋಳಿನ ಜಾಗದಲ್ಲಿ ಅಷ್ಟು ದೊಡ್ಡ ಬೋಳು ಇದೆ ಅಂದ್ಮೇಲೆ ಅದೇ ಕೈ ತಾಗೋ ಬೇರೆ ಜಾಗಗಳಲ್ಲೂ ಏನಾದ್ರೂ ಗುರುತು ಇರ್ಬೇಕಲ್ವಾ? ನಾನು ಸ್ಟ್ರಾಪ್ ಹಾಕ್ಕೊಂಡು ನಿಂತೆ, ನನ್ ಮುಂದೋಳು ಕೂತಿದ್ದು ಆ ಬೋಳು ಜಾಗಕ್ಕಿಂತ ಎರಡು ಇಂಚು ಹಿಂದೆ. ಕೂತು ನುಡಿಸ್ದೆ, ಆಗ್ಲೂ ಸರಿಹೋಗ್ಲಿಲ್ಲ. ಆ ಜಾಗದಲ್ಲಿ ತೋಳು ಇಡ್ಬೇಕಂದ್ರೆ ಬೇಸ್‌ನ ಕಂಕುಳಲ್ಲಿ ಸಿಕ್ಕಿಸ್ಕೋಬೇಕು.

ಇನ್ನೊಂದು ವಿಷ್ಯ ಇದೆ, ಇದೇ ಮುಖ್ಯ, ಆದ್ರೆ ಆ ಕ್ಷಣಕ್ಕೆ ನಂಗೆ ಹೊಳೀಲಿಲ್ಲ, ರಾತ್ರಿ ಮಲಗ್ದಾಗ ಹೊಳೀತು. 60ರ ದಶಕದ ಫೆಂಡರ್ ಮೇಲೆ ಇರೋದು ನೈಟ್ರೋಸೆಲ್ಯುಲೋಸ್ ಲ್ಯಾಕರು, ತೆಳ್ಳಗಿರುತ್ತೆ, ಬೆವರಿಗೆ ಮೆತ್ತಗಾಗುತ್ತೆ, ವರ್ಷಗಟ್ಟಲೆ ಉಜ್ಜಿದ್ರೆ ನಿಧಾನಕ್ಕೆ ಕರಗಿದ ಹಾಗೆ ಹೋಗುತ್ತೆ, ಬಿಸಿಲು ಚಳಿಗೆ ಕೂದಲೆಳೆ ತರ ಬಿರುಕು ಬಿಡುತ್ತೆ. 68ರ ಸುಮಾರಿಗೆ ಅವ್ರು ದಪ್ಪ ಪಾಲಿಯೆಸ್ಟರ್‌ಗೆ ಬದಲಾದ್ರು. ಪಾಲಿ ಅನ್ನೋದು ಗಾಜಿನ ಚಿಪ್ಪಿದ್ದಂಗೆ, ಅದು ಸವೆಯಲ್ಲ, ಒಡೆಯುತ್ತೆ. ಏಟು ಬಿದ್ದ ಕಡೆ ಚಕ್ಕೆ ಎದ್ದು ಹೋಗುತ್ತೆ, ಮಿಕ್ಕಿದ್ದು ಐವತ್ತು ವರ್ಷ ಆದ್ರೂ ಪಳಪಳ ಅಂತಿರುತ್ತೆ. ಹಂಗಿದ್ಮೇಲೆ 74ರ ಪಾಲಿ ಬಾಡಿ ಮೇಲೆ 62ರ ಲ್ಯಾಕರ್ ಸವೆದ ಹಾಗೆ ಮೆತ್ತಗೆ ಸವೆದಿದ್ದು ಹೆಂಗೆ? ಪ್ಲಾಸ್ಟಿಕ್ ಕೊಡದ ಮೇಲೆ ತಾಮ್ರದ ಕೊಡದ ಕಿಲುಬು ಕಂಡಂಗಾಯ್ತು.

ಆದ್ರೆ ಸವೆತ ಎಲ್ಲಾ ಸುಳ್ಳು ಅಂತಾನೂ ಹೇಳೋಕಾಗಲ್ಲ, ಇದೇ ಮಜಾ. ನೆಕ್ ಪಿಕಪ್‌ನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇದ್ಯಲ್ಲ (ಪಿಕಪ್ ಅಂದ್ರೆ ತಂತಿ ಅಲುಗಾಟಾನ ಕರೆಂಟ್ ಮಾಡಿ ಸ್ಪೀಕರ್ ಕಡೆ ಕಳಿಸೋದು), ಬಲಗೈ ಹೆಬ್ಬೆರಳು ಊರೋದು ಅಲ್ಲೇ, ಅದ್ರ ಮೇಲಿನ ಅಂಚು ಉರುಟಾಗಿ ನುಣ್ಣಗೆ ಕನ್ನಡಿ ಆಗಿತ್ತು, ಬಿಎಂಟಿಸಿ ಬಸ್ಸಿನ ಕಂಬಿ ತರ. ಅದು ಬೆರಳಿನದೇ ಕೆಲಸ, ಉಪ್ಪುಕಾಗದ ಹಾಕಿ ಹಂಗೆ ಮಾಡೋಕಾಗಲ್ಲ. ಫ್ರೆಟ್‌ಗಳು ಇನ್ನೂ ಚೆನ್ನಾಗಿ ಕಥೆ ಹೇಳ್ತಿದ್ವು, ಅಂದ್ರೆ ಫಿಂಗರ್‌ಬೋರ್ಡ್ ಮೇಲಿರೋ ಅಡ್ಡ ಲೋಹದ ಪಟ್ಟಿಗಳು. ದಪ್ಪ ತಂತಿಗಳಾದ ಇ, ಎ ಕೆಳಗೆ ಒಂದನೇ ಫ್ರೆಟ್ಟಿಂದ ಏಳರವರೆಗೆ ಉಗುರು ಸಿಕ್ಕೋವಷ್ಟು ಹಳ್ಳ. ಡಿ, ಜಿ ಕೆಳಗೆ ಏನೂ ಇಲ್ಲ, ಹನ್ನೆರಡು ದಾಟಿದ್ಮೇಲಂತೂ ಫ್ರೆಟ್ಟು ಫ್ಯಾಕ್ಟರೀಲಿ ಹಾಕಿದಂಗಿದೆ. ಅಂದ್ರೆ ಇದನ್ನ ನುಡಿಸಿದೋನು ನನ್ ತರಾನೇ ರೂಟ್-ಫಿಫ್ತ್ (ಸ, ಪ ಎರಡೇ ಸ್ವರ) ಗಿರಾಕಿ, ಮೇಲ್ಗಡೆ ಹೋಗಿ ಸರ್ಕಸ್ ಮಾಡೋನಲ್ಲ. ಪುಣ್ಯಾತ್ಮ ಯಾರೋ, ಆ ಕ್ಷಣಕ್ಕೆ ಅವ್ನ ಮೇಲೆ ಪ್ರೀತಿ ಬಂತು.

ಫಿಂಗರ್‌ಬೋರ್ಡ್ ನೋಡ್ದಾಗ ಊರು ನೆನಪಾಯ್ತು. ನಮ್ದು ಸಕಲೇಶಪುರದ ಕಡೆ, ತಾತನ ಮನೆ ಮುಂಬಾಗಿಲು ಬೀಟೆ ಮರದ್ದು, ಎಣ್ಣೆ ಹಾಕಿ ಒರೆಸಿದ್ರೆ ಕಪ್ಪು ನೇರಳೆ ಬಣ್ಣ ಬರುತ್ತೆ. ಗಿಟಾರ್‌ನವ್ರು ಇಂಡಿಯನ್ ರೋಸ್‌ವುಡ್ ಅಂತ ಕರೆಯೋದು ಇದನ್ನೇ. ಮೊದ್ಲು ಫೆಂಡರ್‌ನವ್ರು ಬ್ರೆಜಿಲ್ ಬೀಟೆ ಹಾಕ್ತಿದ್ರು, 60ರ ದಶಕ ಕಳೀತಾ ನಮ್ ಕಡೆ ಮರಕ್ಕೆ ಬಂದ್ರು. ಯೋಚ್ನೆ ಮಾಡಿ, ಮಲೆನಾಡು ಕೊಡಗು ಕಡೆ ಬೆಳೆಯೋ ಜಾತಿ ಮರ ಹಡಗು ಹತ್ತಿ ಹೋಗಿ ಗಿಟಾರ್ ಆಗಿ ವಾಪಸ್ ಬರುತ್ತೆ, ನಾವು ಲಕ್ಷ ಕೊಟ್ಟು ತಗೋತೀವಿ. 2017ರಲ್ಲಿ ಈ ಜಾತಿ ಮರಗಳನ್ನೆಲ್ಲಾ ಸೈಟಿಸ್ (ಅಪರೂಪದ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದ್ಮೇಲೆ ಬೀಟೆ ಇರೋ ಗಿಟಾರ್‌ನ ದೇಶದಿಂದ ದೇಶಕ್ಕೆ ಮಾರ್ಬೇಕಂದ್ರೆ ಪೇಪರ್ರು ಪರ್ಮಿಟ್ಟು ಅಂತ ಒದ್ದಾಡ್ತಿದ್ರು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯ್ತಿ ಕೊಟ್ರು. ವಿಷ್ಯ ಎಲ್ಲಿಗೋ ಹೋಯ್ತು. ಫಿಂಗರ್‌ಬೋರ್ಡ್ ಮೇಲೆ ತಂತಿ ಉದ್ದಕ್ಕೂ ಗೀರು ಇತ್ತು, ರೌಂಡ್‌ವೌಂಡ್ ಅನ್ನೋ ಒರಟು ತಂತಿ ಉಜ್ಜಿ ಉಜ್ಜಿ ಆಗೋವಂಥದ್ದು, ಅದೂ ನಿಜವಾದ ಸವೆತಾನೇ.

ಹಂಗಾದ್ರೆ ನೆಕ್ಕು ನಿಜ, ಬಾಡಿ ನಾಟಕ. ಅಷ್ಟು ತಲೇಲಿ ಇಟ್ಕೊಂಡು ಸ್ಟೀಲ್ ಸ್ಕೇಲ್ ತೆಗೆದೆ.

ಜಾಝ್ ಬೇಸಲ್ಲಿ ಎರಡು ಪಿಕಪ್ ಇರುತ್ತೆ. 60ರ ದಶಕದಲ್ಲಿ ಎರಡರ ಮಧ್ಯೆ 3.6 ಇಂಚು. 70ರ ದಶಕದ ಶುರುನಲ್ಲಿ ಹಿಂದಿನ ಪಿಕಪ್‌ನ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಜಾಗ) ಕಡೆ ಸರಿಸಿದ್ರು, 4 ಇಂಚಾಯ್ತು, 74ರಷ್ಟೊತ್ತಿಗೆ ಎಲ್ಲಾ ನಾಲ್ಕೇ. ಅದಕ್ಕೇ 70ರ ಬೇಸು ಒಂಚೂರು ಗರಗರ ಅಂತ ಚುರುಕಾಗಿ ಮಾತಾಡುತ್ತೆ. ಇಲ್ಲಿ ಅಳೆದ್ರೆ 3.6. ಎರಡು ಸಲ ಅಳೆದೆ. ಹಿರಿಯರು "ಏನಪ್ಪಾ ಪೀಠೋಪಕರಣ ಅಳತೆ ತಗೊಳ್ತಿದೀಯಾ" ಅಂದ್ರು, ನಕ್ಕು ಸುಮ್ನಾದೆ.

ಆಮೇಲೆ ಟಾರ್ಚು. ಬ್ಯಾಂಕಲ್ಲಿ ನೋಟು ಚೆಕ್ ಮಾಡೋಕೆ ನೇರಳೆ ಬೆಳಕಿನ ಟಾರ್ಚ್ ಇಟ್ಕೊಂಡಿರ್ತಾರಲ್ಲ ಅದೇ, ಎಸ್.ಪಿ. ರೋಡಲ್ಲಿ 250 ರೂಪಾಯಿ. ಕೋಣೆ ಕತ್ತಲೆ ಮಾಡಿ ಬಿಟ್ರೆ ಹಳೇ ನೈಟ್ರೋ ಲ್ಯಾಕರು ಮಾಸಲು ಹಳದಿ-ಹಸಿರಾಗಿ ಹೊಳೆಯುತ್ತೆ. 70ರ ದಶಕದ ಫೆಂಡರ್‌ನಲ್ಲಿ ಬಾಡಿ, ನೆಕ್ಕು ಎಲ್ಲಾ ಪಾಲಿ ಆದ್ರೂ ಹೆಡ್‌ಸ್ಟಾಕ್ (ನೆಕ್ಕಿನ ತುದೀಲಿ ತಂತಿ ಬಿಗಿಯೋ ತಲೆ) ಮುಖಕ್ಕೆ ಮಾತ್ರ ನೈಟ್ರೋ ಹೊಡೀತಿದ್ರು, ಯಾಕಂದ್ರೆ ಲೋಗೋ ಸ್ಟಿಕ್ಕರ್‌ಗೂ ಪಾಲಿಗೂ ಆಗ್ತಿರ್ಲಿಲ್ಲ. ಅದಕ್ಕೇ ಆ ಕಾಲದ ಬೇಸ್‌ಗಳಲ್ಲಿ ಹೆಡ್‌ಸ್ಟಾಕ್ ಮುಖ ಅರಿಶಿನ ಹಚ್ಚಿದಂಗೆ ಹಳದಿ, ನೆಕ್ಕಿನ ಬೆನ್ನು ಬೆಳ್ಳಗೆ. ಇದ್ರಲ್ಲಿ ಮುಖಾನೂ ಬೆನ್ನೂ ಒಂದೇ ಬಣ್ಣ, ಟಾರ್ಚ್ ಬಿಟ್ರೂ ಹೊಳಪಿಲ್ಲ. ಅಲ್ಲಿಗೆ ನಂಗೆ ಮುಕ್ಕಾಲು ಭಾಗ ಗೊತ್ತಾಯ್ತು, ಆದ್ರೆ ಆ ಹಿರಿಯರ ಮುಂದೆ ಹೆಂಗೆ ಹೇಳೋದು.

ಅವ್ರು ಪದೇ ಪದೇ ತೋರಿಸ್ತಿದ್ದಿದ್ದು ಹಿಂದಿನ ನೆಕ್ ಪ್ಲೇಟು, ಅಂದ್ರೆ ನೆಕ್ಕನ್ನ ಬಾಡಿಗೆ ಬಿಗಿಯೋ ಲೋಹದ ಬಿಲ್ಲೆ. ನಾಲ್ಕು ಸ್ಕ್ರೂ, ಮಧ್ಯೆ ದೊಡ್ಡ ‘ಎಫ್’ ಅಕ್ಷರ, ಆರಂಕಿ ನಂಬರು. ನಂಬರ್ ಹಾಕಿ ನೋಡಿದ್ರೆ ನಿಜಕ್ಕೂ 74ರ ಹತ್ರಾನೇ ಬರುತ್ತೆ. ಆದ್ರೆ ಪ್ಲೇಟ್ ಅನ್ನೋದು ನಾಲ್ಕು ಸ್ಕ್ರೂ ಬಿಚ್ಚಿದ್ರೆ ಕೈಗೆ ಬರೋ ಲೋಹದ ತುಂಡು, ಬೈಕ್ ನಂಬರ್ ಪ್ಲೇಟ್ ಇದ್ದಂಗೆ. 76ರಿಂದ ಅದಕ್ಕೇ ನಂಬರ್‌ನ ಹೆಡ್‌ಸ್ಟಾಕ್ ಮೇಲೆ ಹಾಕೋಕೆ ಶುರು ಮಾಡಿದ್ರೇನೋ ಅಂತ ನಂಗೊಂದು ಡೌಟು. ಇಲ್ಲಿ ಪ್ಲೇಟು ಮಚ್ಚೆ ಮಚ್ಚೆ ತುಕ್ಕು ಹಿಡಿದಿದೆ, ಅದನ್ನ ಹಿಡಿದಿರೋ ನಾಲ್ಕೂ ಸ್ಕ್ರೂ ತಲೆ ಮಿಣಮಿಣ ಅಂತಿದೆ. ಮುದುಕನ ಬಾಯಲ್ಲಿ ಹಾಲುಹಲ್ಲು.

ಕೊನೆಗೆ ಹೇಳ್ದೆ, ಸರ್ ನಂಗೆ ಇಷ್ಟ ಆಗಿದೆ, ಆದ್ರೆ ಬಿಚ್ಚಿ ನೋಡ್ದೆ ಇಷ್ಟು ದುಡ್ಡು ಕೊಡೋಕಾಗಲ್ಲ, ನೀವೇ ಜೊತೇಲಿ ಬನ್ನಿ, ನಿಮ್ ಕಣ್ಣೆದುರೇ ಬಿಚ್ಚಿಸೋಣ. ಎರಡು ದಿನ ಬಿಟ್ಟು ಫೋನ್ ಮಾಡಿ ಆಯ್ತು ಅಂದ್ರು. ಆಟೋದಲ್ಲಿ ನಾವಿಬ್ರು, ಮಧ್ಯೆ ಮದುಮಗಳ ತರ ಬೇಸು, ಲಿಂಗರಾಜಪುರಕ್ಕೆ ಹೋದ್ವಿ.

ಅಲ್ಲಿ ಗಿಟಾರ್ ರಿಪೇರಿ ಮಾಡೋ ಒಬ್ಬ ಅಂಕಲ್ ಇದಾರೆ. ಮನೆ ಮುಂದಿನ ಗ್ಯಾರೇಜೇ ಅಂಗಡಿ, ಬೋರ್ಡ್ ಇಲ್ಲ. ಹೆಸರು ಹಾಕ್ಬೇಡ ಅಂತ ಆಣೆ ಹಾಕ್ಸಿದಾರೆ, ಇರೋ ಕೆಲ್ಸಾನೇ ಮುಗೀತಿಲ್ವಂತೆ. ಮೂವತ್ತು ಗಿಟಾರ್ ಗೋಡೆಗೆ ನೇತಾಕಿದೆ, ಒಂದ್ ಮೂಲೇಲಿ ಹಾರ್ಮೋನಿಯಂ. ಬೇಸ್ ಕೈಗೆ ತಗೊಂಡೋರೇ ತಂತಿ ಮೀಟ್ಲೇ ಇಲ್ಲ, ಮೊದ್ಲು ಮೂಗಿನ ಹತ್ರ ಹಿಡಿದು ಆ ಬೋಳು ಜಾಗಾನ ಮೂಸಿದ್ರು. ನಂಗೆ ನಗು ಬಂತು. ಹಳೇ ಬನಿಯನ್ ಬಟ್ಟೆಗೆ ಲೈಟರ್ ಪೆಟ್ರೋಲ್ ಹಾಕಿ ಆ ಜಾಗ ಒರೆಸಿದ್ರು, ಬಟ್ಟೆಗೆ ಕಂದು ಬಣ್ಣ ಹತ್ತಿತು.

"ಇದು ಬೆವರಲ್ಲ ಕಣಪ್ಪಾ, ಬೂಟ್ ಪಾಲಿಶು."

ಪಾಲಿಶ್ ಹೋದ್ಮೇಲೆ ಕೆಳಗಿನ ಮರ ಬಿಳಚಿಕೊಂಡು ಕಾಣಿಸ್ತು, ಅಡ್ಡಡ್ಡ ಒಂದೇ ದಿಕ್ಕಿಗೆ ಸಣ್ಣ ಸಣ್ಣ ಗೀರು, ಉಪ್ಪುಕಾಗದದ್ದು. ಫಿನಿಶ್ ಅಂಚಲ್ಲಿ ಉಗುರು ಓಡಿಸು ಅಂದ್ರು, ಓಡಿಸಿದ್ರೆ ತಟ್ಟೆ ಅಂಚಿನ ತರ ದಪ್ಪ ಸಿಕ್ತು. ಬಣ್ಣದ ಪದರ, ಅದ್ರ ಕೆಳಗೆ ಗಾಜಿನಂಥ ಇನ್ನೊಂದು ಪದರ, ಆಮೇಲೆ ಮರ. ಪಾಲಿ ಮೇಲೆ ಯಾರೋ ಮಷೀನ್ ಹಿಡಿದು ಉಜ್ಜಿ, ಬರೀ ಮರ ಕೊಳೆಯಾಗಿ ಕಾಣ್ಲಿ ಅಂತ ಪಾಲಿಶ್ ತಿಕ್ಕಿದಾರೆ. ಹೊಸ ಗಿಟಾರ್‌ನ ಬೇಕಂತ್ಲೇ ಹಳೇದು ಮಾಡಿ ಮಾರೋದು ಈಗ ದೊಡ್ಡ ಫ್ಯಾಷನ್ನು, 1995ರಿಂದ ಫೆಂಡರ್‌ನವ್ರೇ ಅವ್ರ ಕಸ್ಟಮ್ ಶಾಪಲ್ಲಿ ರೆಲಿಕ್ ಅಂತ ಮಾಡ್ತಾರೆ, ಹರಿದ ಜೀನ್ಸ್‌ಗೆ ಜಾಸ್ತಿ ದುಡ್ಡು ಕೊಟ್ಟಂಗೆ. ಅದ್ರಲ್ಲಿ ತಪ್ಪಿಲ್ಲ, ರೆಲಿಕ್ ಅಂತ ಹೇಳಿ ಮಾರ್ತಾರೆ. ಇಲ್ಲಿ ಹೇಳಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಕಂಟ್ರೋಲ್ ಪ್ಲೇಟ್ ಬಿಚ್ಚಿದ್ರು. ಅಮೆರಿಕನ್ ಫೆಂಡರ್ ಒಳಗಡೆ ವಾಲ್ಯೂಮ್ ಪಾಟ್‌ಗಳು (ತಿರುಗಿಸೋ ಗುಬಟಿ ಕೆಳಗಿನ ಭಾಗ) ಒಂದ್ ರೂಪಾಯಿ ನಾಣ್ಯಕ್ಕಿಂತ ದೊಡ್ಡವು, ಬೆನ್ನ ಮೇಲೆ ನಂಬರ್ ಕುಟ್ಟಿರುತ್ತೆ. 137 ಅಂತಿದ್ರೆ ಸಿಟಿಎಸ್ ಕಂಪನಿ, 304 ಅಂದ್ರೆ ಸ್ಟ್ಯಾಕ್‌ಪೋಲ್, ಅದಾದ್ಮೇಲೆ ಎರಡಂಕಿ ವರ್ಷ, ಎರಡಂಕಿ ವಾರ. 137 7312 ಅಂತಿದ್ರೆ 73ನೇ ಇಸವಿ 12ನೇ ವಾರ. ಇದ್ರಿಂದ ಗೊತ್ತಾಗೋದು ಬೇಸ್ ಅದಕ್ಕಿಂತ ಹಳೇದಲ್ಲ ಅಂತ ಅಷ್ಟೇ, ಯಾಕಂದ್ರೆ 66ರಲ್ಲಿ ಫೆಂಡರ್‌ನವ್ರು ಒಟ್ಟಿಗೆ ರಾಶಿ ಪಾಟ್ ತಂದು 69ರವರೆಗೂ ಅದನ್ನೇ ಹಾಕಿದ ಉದಾಹರಣೆ ಇದೆ. ಇಲ್ಲಿ ಆ ಕಷ್ಟಾನೇ ಬರ್ಲಿಲ್ಲ. ಒಳಗಿದ್ದಿದ್ದು ಟ್ರಾನ್ಸಿಸ್ಟರ್ ರೇಡಿಯೋದಲ್ಲಿರೋ ತರ ಪುಟಾಣಿ ಪಾಟು, ಮೆಟ್ರಿಕ್ ಅಳತೆ, 137ಊ ಇಲ್ಲ 304ಊ ಇಲ್ಲ. ಸೋಲ್ಡರ್ ಮಾತ್ರ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂದ್ರೆ ಯಾರೂ ಕೈ ಹಾಕಿಲ್ಲ, ಹುಟ್ಟಿದಾಗಿಂದ ಇವೇ. ಹಿರಿಯರು ಅಲ್ಲೀವರೆಗೂ ನಿಂತಿದ್ರು, ಆಗ ಸ್ಟೂಲ್ ಎಳ್ಕೊಂಡು ಕೂತ್ರು.

ಇನ್ನು ನೆಕ್ಕು. ಬಿಚ್ಚೋಕೆ ಮುಂಚೆ ಅಂಕಲ್ ಟೇಬಲ್ ಲ್ಯಾಂಪ್ ಬಗ್ಗಿಸಿ ನೆಕ್ ಬೆನ್ನಿನ ಬುಡಕ್ಕೆ, ಪ್ಲೇಟ್‌ಗೆ ಸ್ವಲ್ಪ ಮೇಲೆ, ಓರೆಯಾಗಿ ಬೆಳಕು ಬಿಟ್ರು. ಅಲ್ಲಿ ಎರಡು ಬೆರಳಗಲ ಜಾಗ ಮಾತ್ರ ಮಂಕು, ಸುತ್ತ ಹೊಳಪು. ಬೆಳಕನ್ನ ಅತ್ತ ಇತ್ತ ಆಡಿಸ್ತಾ ಇದ್ದಂಗೆ ಮಂಕು ಜಾಗದಲ್ಲಿ ನೆರಳಿನ ತರ ಅಕ್ಷರ ಎದ್ದು ಬಂತು. ಮುಂದಿನದೆಲ್ಲಾ ಅಳಿಸಿ ಹೋಗಿದೆ, ಕೊನೇದು ಮಾತ್ರ ಉಳಿದಿದೆ. ನಾನು ಓದ್ದೆ, "ಪಾನ್".

"ಪಾನ್ ಬೀಡಾ ಅಲ್ಲ ಕಣೋ, ಜಪಾನ್!" ಅಂತ ಅಂಕಲ್ ತೊಡೆ ತಟ್ಟಿ ನಕ್ರು. ನಾನೂ ನಕ್ಕುಬಿಟ್ಟೆ, ಆಮೇಲೆ ಹಿರಿಯರ ಮುಖ ನೋಡಿ ಯಾಕಾದ್ರೂ ನಕ್ನೋ ಅನಿಸ್ತು.

ಕೆಳಗಿನ ಸಾಲಲ್ಲಿ ‘ಇ’ ಅಕ್ಷರ, ಪಕ್ಕದಲ್ಲಿ ಆರು ಅಂಕಿಯ ಗುರುತು. ಇ ಸೀರಿಯಲ್ ಅಂದ್ರೆ 1984ರಿಂದ 87ರ ನಡುವಿನ ಫೆಂಡರ್ ಜಪಾನ್. ಅವ್ರ 70ರ ದಶಕದ ಮಾದರಿ ಜಾಝ್ ಬೇಸು. ಆ ಸಾಲನ್ನ ಉಪ್ಪುಕಾಗದ ಹಾಕಿ ಉಜ್ಜಿ ತೆಗೆದು, ಎಲ್ಲಿಂದಲೋ ಅಮೆರಿಕನ್ ಪ್ಲೇಟ್ ತಂದು ಕೂರಿಸಿ, ಬಾಡಿಗೆ ಬೋಳು ಹೊಡೆದು ಪಾಲಿಶ್ ತಿಕ್ಕಿ, ಹತ್ತು ವರ್ಷ ವಯಸ್ಸು ಏರಿಸಿದಾರೆ. ಹೆಣ್ಣು ಕೊಡೋರು ವಯಸ್ಸು ಇಳಿಸ್ತಾರೆ, ಗಿಟಾರ್ ಮಾರೋರು ಏರಿಸ್ತಾರೆ.

ವಾಪಸ್ ಆಟೋದಲ್ಲಿ ಅವ್ರು ಮಾತೇ ಆಡ್ಲಿಲ್ಲ. ಮನೆ ಹತ್ರ ಇಳಿಯುವಾಗ "ನನ್ ಮಗ ಹೇಳಿದ್ದ, ನಾನು ಕೇಳ್ಲಿಲ್ಲ" ಅಂದ್ರು ಅಷ್ಟೇ. ನಾನು ಬೆಲೆ ವಿಷ್ಯ ಎತ್ತಲಿಲ್ಲ, ಎತ್ತೋ ಹಂಗೂ ಇರ್ಲಿಲ್ಲ. ಹತ್ತು ದಿನ ಆದ್ಮೇಲೆ ಅವ್ರೇ ಫೋನ್ ಮಾಡಿದ್ರು, ನೀನೇ ಹೇಳು ಎಷ್ಟಕ್ಕೆ ತಗೋತೀಯ ಅಂತ. 80 ಸಾವಿರ ಅಂದೆ, ಅವ್ರು ಒಂದ್ ಲಕ್ಷ ಅಂದ್ರು, 92ಕ್ಕೆ ಮುಗೀತು. ಹಳೇ ಗಟ್ಟಿ ಕೇಸೂ ಸೇರಿ. ನನ್ ಪ್ರಕಾರ ಇಬ್ರಿಗೂ ನ್ಯಾಯವಾದ ಬೆಲೆ.

ಯಾಕಂದ್ರೆ ಜಪಾನಿಂದು ಅಂದ್ರೆ ಡುಪ್ಲಿಕೇಟ್ ಅಂತ ಅಲ್ಲ. ಇದನ್ನ ಸ್ವಲ್ಪ ಒತ್ತಿ ಹೇಳ್ಬೇಕು, ನಮ್ ಆರ್ಕೆಸ್ಟ್ರಾದಲ್ಲೇ ಇಬ್ರು "ಅಯ್ಯೋ ಡುಪ್ಲಿಕೇಟಾ" ಅಂದ್ರು. 70ರ ದಶಕದಲ್ಲಿ ಜಪಾನಿನವ್ರು ಅಮೆರಿಕನ್ ಗಿಟಾರ್‌ಗಳನ್ನ ಎಷ್ಟು ಚೆನ್ನಾಗಿ ಕಾಪಿ ಹೊಡೀತಿದ್ರು ಅಂದ್ರೆ, ಫೆಂಡರ್‌ನವ್ರು ತಲೆ ಚಚ್ಕೊಂಡು ಕೊನೆಗೆ 1982ರಲ್ಲಿ ಅಲ್ಲಿನ ಕಾಂಡಾ ಶೋಕಾಯಿ, ಯಮಾನೋ ಗಾಕ್ಕಿ ಅನ್ನೋ ಎರಡು ಕಂಪನಿಗಳ ಜೊತೆ ಸೇರಿ ತಾವೇ ಫೆಂಡರ್ ಜಪಾನ್ ಮಾಡ್ಕೊಂಡ್ರು. ಮಾಡಿಕೊಡ್ತಿದ್ದಿದ್ದು ಮಾಟ್ಸುಮೊಟೊ ಊರಿನ ಫ್ಯೂಜಿಜೆನ್ ಫ್ಯಾಕ್ಟರಿ. ಅದೇ ಕಾಲದಲ್ಲಿ ಅಮೆರಿಕದ ಫ್ಯಾಕ್ಟರಿ ಪರಿಸ್ಥಿತಿ ಅಷ್ಟಕ್ಕಷ್ಟೇ, 85ರಲ್ಲಿ ಸಿಬಿಎಸ್ ಕಂಪನೀನೇ ಮಾರಿ ಕೈ ತೊಳ್ಕೊಂಡ್ತು. ಹಂಗಾಗಿ ಈ ಇ ಸೀರಿಯಲ್ ಬೇಸು ಮರ್ಯಾದೆಯಿಂದ ‘ನಾನು ಜಪಾನಿಂದು’ ಅಂತ ಹೇಳ್ಕೊಂಡಿದ್ರೆ ಯಾರೂ ಬೇಡ ಅಂತಿರ್ಲಿಲ್ಲ. ಅದ್ರ ಬೆನ್ನು ಉಜ್ಜಿದೋನು ಅದ್ರ ಬೆಲೇನೇ ಕಮ್ಮಿ ಮಾಡ್ದ, ಆ ಸಾಲು ಇದ್ದಿದ್ರೆ ಇನ್ನೂ ಹದಿನೈದು ಸಾವಿರ ಜಾಸ್ತಿ ಕೊಡ್ತಿದ್ದೆ ನಾನೇ.

ಈಗ ಬೇಸ್ ಹೆಂಗಿದೆ. ತೂಕ 4.2 ಕೆಜಿ, ಲಗೇಜ್ ತೂಗೋ ಕೊಕ್ಕೆಗೆ ನೇತಾಕಿ ನೋಡಿದ್ದು, ಮೂರು ಗಂಟೆ ಪ್ರೋಗ್ರಾಂ ಆದ್ರೂ ಭುಜ ಬಿದ್ದು ಹೋಗಲ್ಲ. ನೆಕ್ಕು ನೇರ ಇದೆ, ತಿರುಚಿಲ್ಲ, ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡೋಕೆ ಒಳಗಿರೋ ಲೋಹದ ಸಲಾಕೆ) ಎರಡೂ ಕಡೆ ತಿರುಗೋಕೆ ಇನ್ನೂ ಜಾಗ ಇದೆ, ಹಳೇ ಬೇಸಲ್ಲಿ ಇದನ್ನ ನೋಡ್ದೆ ದುಡ್ಡು ಕೊಡ್ಬೇಡಿ, ಮಿಕ್ಕಿದ್ದೆಲ್ಲಾ ಸರಿಮಾಡ್ಬೋದು, ರಾಡ್ ಮುಗಿದ ನೆಕ್ಕನ್ನ ಸರಿಮಾಡೋದು ಬಹಳ ಖರ್ಚು. ಫ್ರೆಟ್ ಎತ್ತರ ಅಳೆದಾಗ ಮೂರನೇದು 0.7 ಮಿಲಿಮೀಟರ್, ಹದಿನೈದನೇದು ಹತ್ರ ಹತ್ರ 1. ಲೆವೆಲ್ ಮಾಡಿಸಿದ್ಮೇಲೆ, ಅಂದ್ರೆ ಫ್ರೆಟ್ ಉಜ್ಜಿ ಸಮ ಮಾಡಿಸಿದ್ಮೇಲೆ, ಹಳ್ಳ ಹೋಯ್ತು, ತಂತಿ ಫ್ರೆಟ್ಟಿಗೆ ತಾಗಿ ಬರ್ತಿದ್ದ ಬಜ್ ಸದ್ದು ಹೋಯ್ತು. ಇನ್ನೊಂದ್ ಸಲ ಲೆವೆಲ್ ಮಾಡೋವಷ್ಟು ಲೋಹ ಇಲ್ಲ, ಮುಂದಿನ ಸಲ ಫ್ರೆಟ್ಟೇ ಬದಲಾಯಿಸ್ಬೇಕು.

ಸೌಂಡು ದುಂಡಗಿದೆ. ಮುಂದಿನ ಪಿಕಪ್ ಒಂದೇ ಬಿಟ್ಟು ಟೋನ್ ಅರ್ಧ ಇಳಿಸಿದ್ರೆ ರಾಜನ್-ನಾಗೇಂದ್ರ ಕಾಲದ ಹಾಡುಗಳಿಗೆ ಹೇಳಿ ಮಾಡ್ಸಿದಂಗೆ. ಹಿಂದಿನದನ್ನ ಜಾಸ್ತಿ ಮಾಡಿದ್ರೆ ಹಂಸಲೇಖ ಹಾಡುಗಳ ಓಡೋ ಬೇಸ್‌ಗೆ ಬೇಕಾದ ಚುರುಕು ಬರುತ್ತೆ, ಆದ್ರೆ 4 ಇಂಚಿನ ದೂರದ ಆ ಗರಗರ ಪೂರ್ತಿ ಬರಲ್ಲ, ಆ ಸೌಂಡೇ ಬೇಕು ಅನ್ನೋರಿಗೆ ಇದಲ್ಲ. ಜಿ ತಂತೀಲಿ ಐದರಿಂದ ಏಳನೇ ಫ್ರೆಟ್ ಹತ್ರ ಸ್ವರ ಬೇಗ ಸಾಯುತ್ತೆ, ಡೆಡ್ ಸ್ಪಾಟ್ ಅಂತಾರೆ, ಇದು ಫೆಂಡರ್ ಮನೆತನದ ಕಾಯಿಲೆ, ಅಮೆರಿಕದ್ದಾದ್ರೂ ಇರುತ್ತೆ. ನಾನು ಆ ಸ್ವರಾನ ಡಿ ತಂತೀಲಿ ಹತ್ತರ ಮೇಲೆ ಹಿಡೀತೀನಿ.

ಹಮ್ಮಿಂಗ್ ಬಗ್ಗೆ ಹೇಳ್ಲೇಬೇಕು. ಎರಡೂ ಪಿಕಪ್ ವಾಲ್ಯೂಮ್ ಪೂರ್ತಿ ಇಟ್ರೆ ನಿಶ್ಶಬ್ದ, ಯಾಕಂದ್ರೆ ಒಂದಕ್ಕೊಂದು ಉಲ್ಟಾ ಸುತ್ತಿರ್ತಾರೆ, ಎರಡರ ಗೊಂಯ್ ಸದ್ದು ಒಂದನ್ನೊಂದು ತಿಂದುಬಿಡುತ್ತೆ. ಒಂದನ್ನ ಇಳಿಸಿದ್ರೆ ಶುರುವಾಗುತ್ತೆ. ಮನೇಲಿ ಗೊತ್ತೇ ಆಗಲ್ಲ, ಗಣೇಶನ ಪೆಂಡಾಲಲ್ಲಿ ಸೀರಿಯಲ್ ಸೆಟ್ಟು, ಡಿಮ್ಮರ್ ಲೈಟು, ಯಾವ್ದೋ ಕಂಬದಿಂದ ಎಳೆದ ಕರೆಂಟು, ಅರ್ತಿಂಗ್ ಅನ್ನೋದು ದೇವ್ರಿಗೇ ಬಿಟ್ಟಿದ್ದು, ಅಲ್ಲಿ ಹಿಂದಿನ ಪಿಕಪ್ ಒಂದೇ ಬಿಟ್ರೆ ಜೇನುಗೂಡಿಗೆ ಕಲ್ಲು ಹೊಡೆದಂಗೆ. ನಾನು ಪೆಂಡಾಲಲ್ಲಿ ಎರಡೂ ಪೂರ್ತಿ ಇಟ್ಟು ಮುಟ್ಟೋದೇ ಇಲ್ಲ.

ಖರ್ಚು: ಬೇಸ್ 92,000, ಅಂಕಲ್ ಬಿಚ್ಚಿ ನೋಡಿದ್ದಕ್ಕೆ 1,500, ಫ್ರೆಟ್ ಲೆವೆಲ್ಲು ಸೆಟಪ್ಪು 4,500, ಕರಕರ ಅಂತಿದ್ದ ಒಂದು ಪಾಟು ಮತ್ತೆ ಜಾಕ್ ಸೇರಿ 900, ಹೊಸ ತಂತಿ 2,800. ಒಟ್ಟು 1,01,700. ಮನೇಲಿ 60 ಸಾವಿರ ಅಂತ ಹೇಳಿದೀನಿ, ನಮ್ ಡ್ರಮ್ಮರ್ ಇದನ್ನ ಓದ್ತಿದ್ರೆ ದಯವಿಟ್ಟು ಬಾಯಿ ಮುಚ್ಕೊಂಡಿರು.

ರಿಪೇರಿ ಅಂಕಲ್ ಸರ್ವಿಸ್‌ಗೆ ನನ್ ಕಡೆಯಿಂದ ಐದಕ್ಕೆ ನಾಲ್ಕೂವರೆ. ಕೆಲಸದಲ್ಲಿ ಒಂದು ಮಾತು ಹೇಳೋ ಹಂಗಿಲ್ಲ, ಬಿಚ್ಚೋಕೆ ಮುಂಚೆ ಪ್ರತಿ ಹಂತದ್ದೂ ಫೋಟೋ ತೆಗೆಸಿದ್ರು, ಸ್ಕ್ರೂಗಳನ್ನ ಯಾವ್ದು ಎಲ್ಲಿಂದು ಅಂತ ಥರ್ಮಾಕೋಲ್‌ಗೆ ಚುಚ್ಚಿ ಇಟ್ರು, ಮಾರೋರ ಮುಂದೆ ಬೆಲೆ ಬಗ್ಗೆ ತುಟಿ ಬಿಚ್ಚಲಿಲ್ಲ. ಅರ್ಧ ಕಮ್ಮಿ ಮಾಡಿದ್ದು ಟೈಮಿಗೆ, ನಾಳೆ ಬಾ ಅಂದ್ರೆ ಅವ್ರ ಕ್ಯಾಲೆಂಡರಲ್ಲಿ ಎರಡು ವಾರ.

ಆ ಬೋಳು ಜಾಗಕ್ಕೆ ಬಣ್ಣ ಹೊಡೆಸ್ಬೇಕಾ ಅಂತ ಕೇಳ್ದೆ, ಬೇಡ ಅಂದ್ರು, ತೆಳ್ಳಗೆ ಒಂದು ಕೋಟ್ ಲ್ಯಾಕರ್ ಹಾಕಿ ಮರ ಬೆವರು ಕುಡೀದಂಗೆ ಮಾಡಿಕೊಟ್ರು. ನೆಕ್ ಪ್ಲೇಟು ಮಾತ್ರ ಬಿಚ್ಚಿಸಿ ಮಾಮೂಲಿ ಪ್ಲೇಟ್ ಹಾಕ್ಸಿದೀನಿ, ನಾಳೆ ನಾನೂ ಮಾರಿದ್ರೆ ಆ ನಂಬರ್ ಜೊತೆ ಹೋಗ್ಬಾರ್ದು ಅಂತ. ಹಳೇ ಪ್ಲೇಟ್‌ನ ತಗೊಂಡೋಗಿ ಹಿರಿಯರಿಗೆ ಕೊಟ್ಟೆ, ಇಡೀ ಬೇಸಲ್ಲಿ ಅಮೆರಿಕದ್ದು ಅಂತ ಇದ್ದಿದ್ದು ಅದೊಂದೇ. ಅವ್ರು ಅದನ್ನ ತಿರುಗಿಸಿ ಮುರುಗಿಸಿ ನೋಡಿ ಪೇಪರ್ ಹಾರ್ದೇ ಇರ್ಲಿ ಅಂತ ಟೀಪಾಯಿ ಮೇಲಿನ ಪತ್ರಿಕೆಗಳ ಮೇಲಿಟ್ರು, ಆಮೇಲೆ ಟೀ ಬಂತು.

ಹ್ಞಾ, ಒಂದು ಮರ್ತಿದ್ದೆ. ಜಪಾನ್ ಬೇಸ್ ಇರೋರು ಬ್ರಿಡ್ಜ್ ಸ್ಯಾಡಲ್ (ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರೋ ಪುಟ್ಟ ತುಂಡು) ಎತ್ತರ ತಿರುಗಿಸೋಕೆ 1.5 ಮಿಲಿಮೀಟರ್ ಅಲೆನ್ ಕೀ ತಗೊಳಿ, ಅಮೆರಿಕನ್ ಇಂಚಿನ ಕೀ ಸಡಿಲ ಆಗಿ ಒಳಗಡೆ ತಿರುಗಿ ಸ್ಕ್ರೂ ತಲೆ ಹಾಳಾಗುತ್ತೆ. ನಾನು ಒಂದು ಹಾಳು ಮಾಡಿದೀನಿ ಆಲ್ರೆಡಿ.